ಬೇಯದ ಬೇಳೆ

ನಲ್ಲಿಯ ನೀರು ಆರಿ ಕೊಡದ ಮೈಗೆ ಕಟ್ಟಿದ ಬಿಳಿ ಉಪ್ಪನ್ನು ಕೆರೆಯುವಾಗ ಈಗಲೂ ನನಗೆ ಚಿಗವ್ವನ ನೆನಪಾಗುತ್ತದೆ.

ಕಾಕಾನ ಹೆಂಡತಿಯಾಗಿ ಅವಳು ಹೊಳೆದಂಡೆಯ ಹಳ್ಳಿಯಿಂದ ಕೊಪ್ಪಳದ ನಮ್ಮ ಮನೆಗೆ ಹೊಸದಾಗಿ ಬಂದಿದ್ದಳು. ನಮ್ಮ ಹಿತ್ತಲ ಬಾವಿಯದು ಉಪ್ಪುಪ್ಪಾದ ಸವಳು ನೀರು. ಕುಡಿಯಲು, ಅಡುಗೆಗೆ ಊರಾಚೆಯ ಬಾವಿಯಿಂದ ಸಿಹಿನೀರು ತರುತ್ತಿದ್ದೆವು. ಚಿಗವ್ವ ಬಂದ ಮೇಲೆ ಆ ನೀರಿನ ಕೊಡ ಅಡುಗೆಮನೆಯಿಂದ ಅಜ್ಜಿಯ ಕೋಣೆಗೆ ಹೋಗಿತ್ತು.

ಒಂದು ಮಧ್ಯಾಹ್ನ ಅವಳ ಅಪ್ಪ ಮಗಳನ್ನು ನೋಡಲು ಬಂದರು. ಬೆಳಗಿನಿಂದ ಒಲೆಯ ಮೇಲಿದ್ದ ತೊಗರಿಬೇಳೆ ಸವಳು ನೀರಿನಲ್ಲಿ ನೊರೆ ಉಕ್ಕಿಸುತ್ತಿತ್ತೇ ಹೊರತು ಬೇಯಲಿಲ್ಲ.

"ಅತ್ತೀ, ಒಂದು ತಂಬಿಗಿ ಸಿಹಿನೀರು ಕೊಡ್ರಿ," ಎಂದು ಚಿಗವ್ವ ಮೆಲ್ಲಗೆ ಕೇಳಿದಳು.

"ಕೈಗುಣ ಇಲ್ಲದಾಕಿಗೆ ನೀರಿನ ನೆವ ಬ್ಯಾರೆ," ಎಂದಳು ಅಜ್ಜಿ.

ಬೇಳೆ ಹರಳಿನಂತೆ ಎಲೆಗೆ ಬಿತ್ತು. "ನೋಡ್ರಿ ಬೀಗರ, ನಿಮ್ಮ ಮಗಳು ಬ್ಯಾಳಿ ಕುದಸೂದೂ ಕಲ್ತಿಲ್ಲ," ಎನ್ನುತ್ತ ಅಜ್ಜಿ ಕುಡಿಯುವ ನೀರನ್ನು ತಾನೇ ತಂದಿಟ್ಟಳು. ಅವರು ಒಂದು ಗುಟುಕು ಕುಡಿದರು. ಸಿಹಿನೀರು. ಅದನ್ನು ಬಾಯಲ್ಲೇ ಹಿಡಿದುಕೊಂಡು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಎಲೆಯಲ್ಲಿದ್ದ ಬೇಳೆಯನ್ನೆಲ್ಲ ಅಗಿದು ನುಂಗಿದರು.

"ತಪ್ಪಾತ್ರಿ. ಕರಕೊಂಡು ಹೋಗಿ, ಕಲಿಸಿ ಕಳಸ್ತೀನಿ," ಎಂದರು.

ಚಿಗವ್ವ ಗಾಡಿ ಹತ್ತುವಾಗ ಕಾಕಾ ಪಡಸಾಲೆಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಅವಳನ್ನು ಕರೆತರಲು ಯಾರೂ ಹೋಗಲಿಲ್ಲ.

ಮರುವರ್ಷ ಅಜ್ಜಿಯ ತಮ್ಮನ ಮಗಳು ಕಾಕಾನ ಎರಡನೆಯ ಹೆಂಡತಿಯಾಗಿ ಬಂದಳು. ಅವಳು ಮೊದಲ ಸಲ ಒಲೆಯ ಮುಂದೆ ಕೂತ ದಿನ ಅಜ್ಜಿಯೇ ಸಿಹಿನೀರಿನ ಕೊಡವನ್ನು ಎತ್ತಿ ತಂದು ಅವಳ ಪಕ್ಕದಲ್ಲಿಟ್ಟಳು.