ಚುನಾವಣೆಗೆ ತೆರೆಯುವ ಬಾಗಿಲು

“ಈ ಹುಡುಗ್ಯಾರಿಗೆ ಒಮ್ಮಿಂದೊಮ್ಮೆಲೆ ಪ್ರಜಾಪ್ರಭುತ್ವದ ಮ್ಯಾಲ ಇಷ್ಟ್ಯಾಕ ಪ್ರೀತಿ ಬಂತು?”

ಜಯಮಾಲಾ ಟೀಚರ್ ಕೇಳಿದ್ದು ಯಾರನ್ನೂ ಅಲ್ಲ. ಶಾಲೆಯ ಕಟ್ಟೆಯ ಮೇಲೆ ನಿಂತು, ಏಳನೇ ತರಗತಿಯ ಬಾಗಿಲಿನಿಂದ ಧ್ವಜದ ಕಂಬದವರೆಗೆ ಬೆಳೆದ ಸರದಿಯನ್ನು ನೋಡುತ್ತ ತಮ್ಮಷ್ಟಕ್ಕೆ ಅಂದದ್ದು. ಅಣಕು ಮತದಾನಕ್ಕೆ ಗಂಡುಹುಡುಗರನ್ನು ಮೈದಾನದಿಂದ ಕಿವಿ ಹಿಡಿದು ತರಬೇಕಾಗಿತ್ತು. ಹುಡುಗಿಯರು ಮಾತ್ರ ಗಂಟೆ ಹೊಡೆಯುವ ಮೊದಲೇ ಬಂದು ನಿಂತಿದ್ದರು. ಕೆಲವು ದಿನಗಳಿಂದ ಅವರದು ಒಂದೇ ಪ್ರಶ್ನೆ: “ಎಲೆಕ್ಷನ್ ಯಾವಾಗರಿ ಟೀಚರ್?”

ಮುಖ್ಯಗುರು ಶಾಂತಕುಮಾರ ಅವರಿಗೆ ಆ ಸರದಿ ಕಂಡು ಕಣ್ಣು ತುಂಬಿ ಬಂತು. ವರ್ಷಗಟ್ಟಲೆ ಪೌರನೀತಿ ಕಲಿಸಿದ್ದು ಇವತ್ತು ಫಲಿಸಿತು ಎಂದುಕೊಂಡರು. ರಟ್ಟಿನ ಡಬ್ಬಿಯ ಮತಪೆಟ್ಟಿಗೆ, ಹಳೆಯ ಸೀರೆಯ ಪರದೆ, ಎಡಗೈ ಬೆರಳಿಗೆ ಗುರುತು ಹಾಕಲು ಮಾರ್ಕರ್ ಪೆನ್ನು, ಎಲ್ಲವೂ ನಿಜವಾದ ಚುನಾವಣೆಯಂತೆಯೇ ಇತ್ತು. ನಿಜವಾದ ಚುನಾವಣೆಯಂತೆಯೇ ಒಬ್ಬ ಹುರಿಯಾಳು, ಸರ್ಕಾರ ಮಕ್ಕಳಿಗೆ ಕೊಡುವ ಶೇಂಗಾ ಚಿಕ್ಕಿಯನ್ನೇ ಕೂಡಿಟ್ಟು, ತನ್ನ ಮನೆಯದೆಂದು ಹಂಚಿದ್ದ. ಇನ್ನೊಬ್ಬ ಗೆದ್ದ ಮೇಲೆ ಹಂಚುತ್ತೇನೆಂದು ಹೇಳಿ ತಾನೇ ತಿಂದಿದ್ದ.

“ನೋಡ್ರಿ ಟೀಚರ್, ಹೆಣ್ಮಕ್ಕಳು ಎಚ್ಚರಾದ್ರ ದೇಶ ಎಚ್ಚರಾಗ್ತದ,” ಎಂದರು ಶಾಂತಕುಮಾರ. “ಮಧ್ಯಾಹ್ನದೊಳಗ ಫೋಟೋ ತಾಲೂಕಿನ ಗ್ರೂಪಿಗೆ ಹೋಗ್ಬೇಕು. ಅಫಜಲಪುರ ಸಾಲಿಯವ್ರು ನಿನ್ನೇನೇ ಹಾಕ್ಯಾರಂತ. ಶಾಯಿ ಹಚ್ಚಿದ ಬೆರಳು ಎದ್ದು ಕಾಣ್ಬೇಕು ನೋಡ್ರಿ.”

ಮತ ಹಾಕಿದ ಹುಡುಗಿಯರು ತರಗತಿಗೆ ಮರಳಲಿಲ್ಲ. ಒಬ್ಬೊಬ್ಬರೇ ಹೊರಗೆ ಬಂದು, ಶಾಯಿಯ ಬೆರಳನ್ನು ಊದಿಕೊಳ್ಳುತ್ತ, ಶಾಲೆಯ ಹಿಂದೆ ಹೋಗಿ ಮತ್ತೊಂದು ಸರದಿ ಹಚ್ಚಿದರು. ಜಯಮಾಲಾ ಬೆನ್ನು ಹತ್ತಿ ಹೋಗಿ ನೋಡಿದರೆ ಅದು ಶೌಚಾಲಯದ ಮುಂದಿನ ಸರದಿ. ಬಾಗಿಲಿಗೆ ಅಂಗೈ ಅಗಲದ ಬೀಗ. ಎಲ್ಲರಿಗಿಂತ ಮುಂದೆ ಸುವರ್ಣಾ, ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚಿ ವಚನ ಹೇಳುವ ಹುಡುಗಿ.

“ಇಲ್ಲ್ಯಾಕ ನಿಂತೀರಿ ಬೇ?”

“ಚಾವಿ ಯಾವಾಗ ತರ್ತಾರರಿ ಟೀಚರ್? ನಮ್ಮ ಓಟಂತೂ ಮುಗೀತು.”

“ಓಟಿಗೂ ಸಂಡಾಸಕ್ಕೂ ಏನ್ ಸಂಬಂಧ?”

“ಎಲೆಕ್ಷನ್ ಇದ್ದಾಗ ತೆರೀತಾರಲ್ರಿ! ಹೋದ ಸಲ ಸೂಟಿಯಾಗ ನಮ್ಮ ಸಾಲ್ಯಾಗೇ ಓಟು ಇತ್ತು. ಟ್ಯಾಂಕರ್‌ಲೆ ನೀರು ತುಂಬಿದ್ರು, ಬಲ್ಬು ಹಾಕಿದ್ರು, ಫಿನಾಯಿಲ್ ಹೊಡದಿದ್ರು. ಅವ್ವನ ಜೋಡಿ ಬಂದು ನನ್ನ ಕಣ್ಣಾರೆ ನೋಡೀನ್ರಿ. ಮರುದಿನಾನೇ ಮತ್ತ ಕೀಲಿ ಬಿತ್ತು.” ಸುವರ್ಣಾ ಹಿಂದಿನವರ ಕಡೆ ಹೊರಳಿ ಹೆಮ್ಮೆಯಿಂದ ನೋಡಿದಳು. “ಅದಕ್ಕ ನಾನೇ ಇವರಿಗೆಲ್ಲ ಹೇಳೀನ್ರಿ, ಎಲೆಕ್ಷನ್ ಆದ್ರ ಬಾಗಲಾ ತೆರೀತಾರ ಅಂತ.”

ಜಯಮಾಲಾ ಅವರಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಸುವರ್ಣಾ ದಿನಾ ಮಧ್ಯಾಹ್ನ ಹಳ್ಳ ದಾಟಿ ಮನೆಗೆ ಓಡುವುದು, ಮರಳುವಷ್ಟರಲ್ಲಿ ಗಣಿತದ ಪಾಠ ಮುಗಿದಿರುವುದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಹುಡುಗಿಯೇ ಹೇಳಿದಳು.

“ಅವ್ವ ಅಂದಾಳ್ರಿ, ಹಿಂಗ ದಿನಾ ನಡುವ ಮನಿಗೆ ಬರೋದಾದ್ರ ಸಾಲಿ ಸಾಕು, ಸೋಮವಾರದಿಂದ ತೊಗರಿ ಹೊಲಕ್ಕ ಕಳೆ ತೆಗಿಯಾಕ ನಡಿ ಅಂತ. ಇವತ್ತು ಬಾಗಲಾ ತೆರೀತಾರವ್ವಾ, ಇನ್ನ ನಡುವ ಬರಂಗಿಲ್ಲ ಅಂತ ಹೇಳಿ ಬಂದೀನ್ರಿ.”

ಅಷ್ಟರಲ್ಲಿ ಶಾಂತಕುಮಾರ ಮೊಬೈಲ್ ಹಿಡಿದುಕೊಂಡು, ಬೆಳಕು ಎಲ್ಲಿ ಚೆನ್ನಾಗಿದೆ ಎಂದು ಹುಡುಕುತ್ತ ಅಲ್ಲಿಗೆ ಬಂದರು.

“ಸರ್, ಇದರ ಚಾವಿ ಕೊಡ್ರಿ,” ಎಂದರು ಜಯಮಾಲಾ.

“ಯಾವ ಚಾವಿ? ಇದರದಾ? ಏನ್ ಮಾತಾಡಾಕತ್ತೀರಿ ಟೀಚರ್? ಮತಗಟ್ಟೆಗೆ ಬರೋ ಸಿಬ್ಬಂದಿಗಂತ ರಿಪೇರಿ ಮಾಡಿಸಿದ್ದು ಅದು. ಈ ಹುಡುಗ್ಯಾರ ಕೈಗೆ ಕೊಟ್ರ ನಾಕು ದಿನದಾಗ ಖರಾಬ್ ಮಾಡ್ತಾರ. ಮುಂದಿನ ಎಲೆಕ್ಷನ್‌ಗೆ ಸಾಹೇಬ್ರು ಬಂದ್ರ ನಾ ಏನ್ ತೋರಿಸ್ಲಿ?”

“ಇವತ್ತೂ ಎಲೆಕ್ಷನೇ ಅಲ್ಲೇನ್ರಿ ಸರ್?” ಸುವರ್ಣಾ ಕೇಳಿದಳು.

ಶಾಂತಕುಮಾರ ನಕ್ಕರು. ಮಕ್ಕಳ ಅಜ್ಞಾನಕ್ಕೆ ಗುರುಗಳು ನಗುವಂಥ ನಗು, ಅದರಲ್ಲಿ ಕರುಣೆಯೂ ಇತ್ತು.

“ಹುಚ್ಚಿ, ಇದು ಅಣಕು ಎಲೆಕ್ಷನ್. ಬರೇ ಕಲಿಯಾಕ. ಖರೇ ಎಲೆಕ್ಷನ್ ಬಂದಾಗ ತೆರದೇ ತೆರೀತೀವಿ. ಹದಿನೆಂಟು ತುಂಬಿಸ್ಕೊಂಡು ಓಟಿನ ಹಕ್ಕಿಲೆ ಬಾ, ಯಾರು ಬ್ಯಾಡಂತಾರ?”

ಸಂವಿಧಾನದ ಒಂದು ಕಠಿಣ ಅಧ್ಯಾಯವನ್ನು ಇಷ್ಟು ಸರಳವಾಗಿ ಬಿಡಿಸಿ ಹೇಳಿದ್ದಕ್ಕೆ ಅವರಿಗೇ ಸಂತೋಷವಾಯಿತು. ಸರದಿಯಲ್ಲಿ ಒಬ್ಬಳು ಸಣ್ಣವಳು ಕಾಲು ಬದಲಿಸಿ ನಿಂತಳು. ಜಯಮಾಲಾ ಇನ್ನೊಮ್ಮೆ “ಸರ್...” ಎಂದರು. ಸರ್ ಆಗಲೇ ಕ್ಯಾಮೆರಾ ತೆರೆದಾಗಿತ್ತು.

“ಹಾಂ, ಎಲ್ಲಾರೂ ಇತ್ತಾಗ ಬಿಸಿಲಿಗೆ ಬರ್ರಿ. ಸಂಡಾಸದ ಬಾಗಲಾ ಫೋಟೋದಾಗ ಬರಬಾರ್ದು, ಅಸಹ್ಯ ಕಾಣ್ತದ. ಸುವರ್ಣಾ, ನೀ ನಟ್ಟನಡುವ ನಿಲ್ಲು, ಹಣಿಮ್ಯಾಲಿನ ವಿಭೂತಿ ಛಂದ ಬರ್ತದ. ಬೆರಳು ಮ್ಯಾಲ ಎತ್ರಿ. ನಗ್ರಿ.”

ಸರದಿ ನಿಂತಲ್ಲಿಂದ ಅಲುಗಲಿಲ್ಲ. ಸುವರ್ಣಾ ಎಡಗೈಯನ್ನು ಮುಷ್ಟಿ ಮಾಡಿ ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಹಿಂದೆ ನಿಂತವಳು ಅದನ್ನು ನೋಡಿ ತನ್ನ ಕೈಯನ್ನೂ ಹಿಂದೆ ಒಯ್ದಳು. ಅವಳ ಹಿಂದಿನವಳೂ ಒಯ್ದಳು.

“ಬೆರಳು ತೋರಸ್ ಬೇ, ಟೈಮ್ ಆಗಾಕತ್ತದ!”

“ತೋರ್ಸಂಗಿಲ್ರಿ ಸರ್,” ಎಂದಳು ಸುವರ್ಣಾ.