ಸುಮ್ಮನೆ ನಿಲ್ಲುವ ಪಾರ್ಟು

"ಪೌರಾಣಿಕ!" ಎಂದು ಅರ್ಧ ತರಗತಿ ಕೈ ಎತ್ತಿತು. "ಸಾಮಾಜಿಕ!" ಎಂದು ಉಳಿದರ್ಧ ಕೂಗಿತು. ಗೌರೀಶಂಕರ ಮಾತ್ರ ಕೈಕಟ್ಟಿ ಕುಳಿತಿದ್ದ. ಅವನಿಗೆ ಎರಡೂ ಒಂದೇ. ಪೌರಾಣಿಕವಾದರೆ ಪುಟ್ಟರಾಜು ರಾಮನಾಗುತ್ತಾನೆ, ಸಾಮಾಜಿಕವಾದರೆ ನಾಯಕನಾಗುತ್ತಾನೆ.

ಸಾಲಗಾಮೆ ಕಡೆಯ ರೈತರ ಹುಡುಗ ಪುಟ್ಟರಾಜು ಹಾಸನದ ಹೈಸ್ಕೂಲಿಗೆ ಸೇರಿ ವರ್ಷವೂ ತುಂಬಿರಲಿಲ್ಲ. ಅಲ್ಲಿಯವರೆಗೆ ಹಾಡಿಗೆ, ನಾಟಕಕ್ಕೆ ಎಲ್ಲರ ಬಾಯಲ್ಲೂ ಗೌರೀಶಂಕರನದೇ ಹೆಸರು. ಈಗ ಅವನ ಅಪ್ಪ, ಜವಳಿ ಅಂಗಡಿಯ ಚನ್ನಬಸವಯ್ಯನವರೂ "ಆ ಹುಡುಗನ ಮುಖದ ಕಳೆ ನೋಡೋ" ಅಂದುಬಿಟ್ಟಿದ್ದರು. ಅಂದು ಗೌರೀಶಂಕರನಿಗೆ ಊಟ ಸೇರಿರಲಿಲ್ಲ.

ಡ್ರಾಯಿಂಗ್ ಮೇಷ್ಟರು ಈಶ್ವರಯ್ಯನವರು ಕಾಫಿ ತೋಟದ ಸ್ನೇಹಿತರೊಬ್ಬರಿಂದ ಕೀಲಿ ಕೊಟ್ಟು ಓಡಿಸುವ ಸಿನಿಮಾ ಕ್ಯಾಮೆರಾ ತಂದಿದ್ದರು. ಹುಡುಗರೇ ಒಂದು ಪುಟ್ಟ ಚಿತ್ರ ಮಾಡಬೇಕು. ಎಂಥ ಚಿತ್ರ ಎಂಬುದೂ ಅವರದೇ ತೀರ್ಮಾನ.

ಗೌರೀಶಂಕರ ಎದ್ದು ನಿಂತ. "ಸಾ, ಈ ಕ್ಯಾಮೆರಾದಲ್ಲಿ ಮಾತೇ ಬರಲ್ಲ. ಹಾಡಿದರೆ ಯಾರಿಗೆ ಕೇಳುತ್ತೆ? ಹಾಸ್ಯ ಮಾಡೋಣ. ಒಬ್ಬ ಜಾರಿ ಬಿದ್ದರೆ ಸಾಕು, ಜನ ನಗ್ತಾರೆ."

"ಬೀಳೋನು ಯಾರಪ್ಪ?"

"ಪುಟ್ಟರಾಜು, ಸಾ. ಇನ್ಯಾರಿದ್ದಾರೆ?"

ತರಗತಿ ನಕ್ಕಿತು. ಪುಟ್ಟರಾಜುವೂ ನಕ್ಕ. "ಆಗ್ಲಿ ಸಾ, ಬೀಳ್ತೀನಿ. ಆದ್ರೆ ಗೌರೀಶಂಕ್ರನೂ ಪಾರ್ಟು ಮಾಡ್ಬೇಕು."

ಹಾಸ್ಯವೇ ಗೆದ್ದಿತು. ಹೆಣ್ಣು ನೋಡಲು ಹೊಳೆ ದಾಟಿ ಬರುವ ಪೆದ್ದ ವರನಾಗಿ ಪುಟ್ಟರಾಜು. ದಡದಲ್ಲಿ ಕಾಯುವ ಹುಡುಗಿಯ ಅಣ್ಣನಾಗಿ ಗೌರೀಶಂಕರ. "ನೀನೇನೂ ಮಾಡಬೇಡ, ಸುಮ್ಮನೆ ನಿಂತು ಅವನನ್ನೇ ನೋಡ್ತಿರು" ಎಂದರು ಮೇಷ್ಟರು. ಅವನಿಗೂ ಅದೇ ಬೇಕಿತ್ತು. ಬೀಳುವುದನ್ನು ಹತ್ತಿರದಿಂದ ನೋಡಬಹುದು.

ಭಾನುವಾರ ಬಸ್ಸು ಹತ್ತಿ ಎಲ್ಲರೂ ಹೊಳೆನರಸೀಪುರಕ್ಕೆ ಹೋದರು. ಜರಿ ಪೇಟ ಸುತ್ತಿಕೊಂಡ ಪುಟ್ಟರಾಜು ಹೇಮಾವತಿಯ ಕೆಸರಿಗೆ ಧೊಪ್ಪನೆ ಬಿದ್ದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಿದ್ದುಬಿದ್ದು ನಕ್ಕರು. ಗೌರೀಶಂಕರನ ಎದೆ ತಣ್ಣಗಾಯಿತು. ಆದರೆ ಅದು ಅರೆಗಳಿಗೆ ಮಾತ್ರ. ಮರುಕ್ಷಣವೇ ಒಬ್ಬಾಕೆ ಓಡಿಬಂದು ಸೆರಗಿನಿಂದ ಪುಟ್ಟರಾಜುವಿನ ಮುಖ ಒರೆಸಿದಳು. "ಯಾರೆತ್ತ ಮಗನೋ, ಚಿನ್ನದಂಗವ್ನೆ" ಎಂದು ಇನ್ನೊಬ್ಬಳು ಮಜ್ಜಿಗೆ ತಂದುಕೊಟ್ಟಳು.

"ಇನ್ನೊಂದು ಸಲ ಬೀಳಲಿ ಸಾ, ಸರಿಯಾಗಿ ಬರಲಿಲ್ಲ" ಎಂದ ಗೌರೀಶಂಕರ.

ಪುಟ್ಟರಾಜು ಮತ್ತೆ ಬಿದ್ದ. ಮಂಡಿ ತರಚಿದರೂ ಮತ್ತೂ ಬಿದ್ದ. ಬಿದ್ದಷ್ಟೂ ಅವನ ಸುತ್ತ ಜನ ಹೆಚ್ಚಾದರು. ಈಶ್ವರಯ್ಯನವರು ಕ್ಯಾಮೆರಾ ಹೊತ್ತು ಜಾಗ ಬದಲಿಸುತ್ತ, "ನೀನು ನೋಡ್ತಲೇ ಇರು ಗೌರೀಶಂಕರ" ಎನ್ನುತ್ತಿದ್ದರು. ಹೇಳಬೇಕಾದ್ದೇ ಇರಲಿಲ್ಲ. ಅವನಿಗೆ ಕಣ್ಣು ಕೀಳಲಾಗುತ್ತಿರಲಿಲ್ಲ.

ರೀಲು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬಂತು. ಸ್ಕೂಲಿನ ಹಾಲ್‌ನಲ್ಲಿ ತೆರೆಗೆಂದು ಬಿಳಿ ಪಂಚೆ ಕಟ್ಟಿದರು. ಪುಟ್ಟರಾಜುವಿನ ಅವತಾರ ನೋಡಲಿ ಎಂದು ಗೌರೀಶಂಕರ ಅಪ್ಪನನ್ನು ಕರೆತಂದು ಮುಂದೆ ಕೂರಿಸಿದ.

ಪಂಚೆಯ ಮೇಲೆ ವರ ಒಮ್ಮೆ ಬಿದ್ದ. ಕೂತವರೆಲ್ಲ ನಕ್ಕರು. ಆಮೇಲೆ ಪಂಚೆಯ ತುಂಬ ಒಂದೇ ಮುಖ ಬಂತು, ಗೌರೀಶಂಕರನದು. ಕಚ್ಚಿದ ತುಟಿ, ಉಬ್ಬಿದ ಕತ್ತಿನ ನರ, ಕೆಂಡದಂಥ ಕಣ್ಣು. ಮತ್ತೆ ಅದೇ ಮುಖ, ಇನ್ನೂ ಹತ್ತಿರದಿಂದ. ಕೊನೆಯವರೆಗೂ ಅದೇ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಮಗುವೊಂದು ಹೆದರಿ ಅತ್ತಿತು.

ಗೌರೀಶಂಕರನ ಮನಸ್ಸಿನಲ್ಲಿದ್ದದ್ದು ಎಲ್ಲರಿಗೂ ಗೊತ್ತಾಗಿಹೋಯಿತು. ದೀಪ ಹತ್ತುವ ಮೊದಲೇ ಓಡಬೇಕೆಂದು ಎದ್ದ. ಅಷ್ಟರಲ್ಲಿ ಚಪ್ಪಾಳೆ ಸಿಡಿಯಿತು. ಅಪ್ಪ ಎದ್ದು ನಿಂತು ತಟ್ಟುತ್ತಿದ್ದರು.

ಪುಟ್ಟರಾಜು ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡ. "ಎಂಥಾ ಪಾರ್ಟು ಮಾಡ್ಬುಟ್ಟೆಲಾ! ನನ್ ಜನ್ಮದಲ್ಲಿ ನಂಗೆ ಇಂಗೆ ಮಾಡಕ್ಕಾಗಲ್ಲ. ದೇವ್ರಾಣೆ, ನಿನ್ ಕಂಡ್ರೆ ಒಟ್ಟೆ ಉರೀತೈತೆ ಕಣ್ಲಾ!"