ಪೀಕದಾನಿಯ ಮುಂದೆ

ಅಪ್ಪ ವೈನನ್ನು ಬಾಯಿಗೆ ಹಾಕಿಕೊಂಡು ಪೀಕದಾನಿಯತ್ತ ಕೈ ಚಾಚಿದಾಗ ರೋಸ್ವಿತಾಳ ಜೀವ ಬಾಯಿಗೆ ಬಂತು. ದ್ರಾಕ್ಷಿತೋಟ ವಹಿಸಿಕೊಂಡ ಮೇಲೆ ಅವಳೊಬ್ಬಳೇ ಮಾಡಿದ ಮೊದಲ ವೈನ್ ಅದು.

"ಅಮೃತ ಕಣ್ರೀ, ಯಜಮಾನ್ರೇ!" ಎಂದಳು ಹ್ಯಾಂಬರ್ಗಿನಿಂದ ಬಂದಿದ್ದ ಹೆಂಗಸು. ಮೋಸೆಲ್ ನದಿ ದಂಡೆಯ ಈ ಹಳೇ ಊರಿನ ಕೋಟೆ ಹತ್ತಿಳಿದು, ಬಾಯಾರಿ ನೆಲಮಾಳಿಗೆಗೆ ಬಂದವರಿಗೆ ತಣ್ಣಗಿದ್ದದ್ದೆಲ್ಲ ಅಮೃತವೇ. ಅಪ್ಪ ಆಲೋಯಿಸ್ ಹಾಗಲ್ಲ. ರುಚಿ ನೋಡುವುದು ಕೆಲಸ, ಕುಡಿಯುವುದು ಹಬ್ಬ ಎನ್ನುವ ಮನುಷ್ಯ. ತಾನೇ ಮಾಡಿದ್ದನ್ನೂ, ಕೊನೆಗೆ ತನ್ನ ಮದುವೆಯ ವರ್ಷದ್ದನ್ನೂ ಇಲ್ಲೇ ನಿಂತು ಬಾಯಲ್ಲಿ ಹೊರಳಿಸಿ ಉಗುಳಿದವನು.

ಅವನ ಕೆನ್ನೆ ಆ ಕಡೆ ಈ ಕಡೆ ಉಬ್ಬಿತು. ಪೀಕದಾನಿಯನ್ನು ಎತ್ತಿ ಗದ್ದದ ಕೆಳಗೆ ಹಿಡಿದ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಅದನ್ನು ಮೆಲ್ಲಗೆ ಕೆಳಗಿಟ್ಟ. ಸುಕ್ಕುಗಟ್ಟಿದ ಗಂಟಲು ಒಮ್ಮೆ ಏರಿ ಇಳಿಯಿತು.

"ಹುಳಿ ಒಂಚೂರು ಜಾಸ್ತಿ ಆಯ್ತು," ಎಂದ, ಮಗಳ ಮುಖ ನೋಡದೆ.

"ಮತ್ತೆ ಉಗೀಬೇಕಿತ್ತಪ್ಪ."

"ಸುಮ್ನಿರೇ, ನಂಗೇ ಹೇಳ್ಕೊಡೋಕೆ ಬರ್ತಾಳೆ," ಎಂದು ಗೊಣಗುತ್ತ ಖಾಲಿ ಗ್ಲಾಸನ್ನು ಅವಳತ್ತ ತಳ್ಳಿದ. "ಹಾಕಿಲ್ಲಿ. ಕೈ ಬಿಗಿ ಮಾಡ್ಬೇಡ."